ಗೋರಿಕಾಯಿ ಪಲ್ಯ, ನಾಲ್ಕು ನಿಮಿಷ ಹನ್ನೆರಡು ಸೆಕೆಂಡು

ಕೊಳಾಯಿ ಕಟ್ಟೆಯ ಪಾಚಿಗೆ ಕಾಲು ಜಾರಿ
ಆಂಜಿನಮ್ಮನ ಬಲಗೈ ಮಣಿಕಟ್ಟು ಮುರಿದ ಮೂರನೇ ದಿನ
ಹೋಟೆಲಿನ ಸಾಂಬಾರು ಸಾಕಾಗಿ
ನಾನು ಒಲೆ ಹಚ್ಚಿದೆ.

ಮೂವತ್ತೊಂದು ವರ್ಷ ಕಂಡಕ್ಟರು, ಚಿಂತಾಮಣಿ ಡಿಪೋ,
ಚೇಳೂರು ರೂಟಿನ ಒಂದೊಂದು ಸ್ಟೇಜೂ ಬಾಯಿಪಾಠ;
ನಮ್ಮನೆ ಸಾಸಿವೆ ಡಬ್ಬಿ
ಯಾವ ಸ್ಟೇಜಿನಲ್ಲಿ ಸಿಗುತ್ತದೋ ಗೊತ್ತಿಲ್ಲ.

ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿ ನಿಲ್ಲಿಸಿದೆ.
ಬಳೆ ತುಂಬಿದ ಎರಡು ಕೈ, ಮುಖವಿಲ್ಲ,
ಜೇನು ಸವರಿದ ದನಿ:
'ಫ್ರೆಂಡ್ಸ್, ಇವತ್ತು ತುಂಬಾ ಸಿಂಪಲ್ಲಾಗಿ ಗೋರಿಕಾಯಿ ಪಲ್ಯ.'
ಆ ಕೈಗಳ ಮುಂದೆ ಗಾಜಿನ ಬಟ್ಟಲುಗಳ ಸಾಲು,
ಒಂದರಲ್ಲಿ ಹೆಚ್ಚಿದ್ದು, ಒಂದರಲ್ಲಿ ತುರಿದದ್ದು, ಒಂದರಲ್ಲಿ ಬೇಯಿಸಿಟ್ಟದ್ದು.
ಯಾರು ಹೆಚ್ಚಿದರೋ, ಎಷ್ಟು ಹೊತ್ತಿಗೆ ಎದ್ದರೋ,
ಅದು ವಿಡಿಯೋದಲ್ಲಿಲ್ಲ.

ನನ್ನ ಮುಂದೆ ಮುನೆಕ್ಕ ತೂಗಿಕೊಟ್ಟ ಅರ್ಧ ಕೇಜಿ,
ಅಷ್ಟಕ್ಕೂ ನಾರು.
ತುದಿ ಮುರಿ, ಎಳಿ, ಬುಡ ಮುರಿ, ಎಳಿ,
ಮುಕ್ಕಾಲು ಗಂಟೆ.
ಬಳೆಯವಳು ಅದಕ್ಕೆ ಕೊಟ್ಟದ್ದು ಎರಡು ಸೆಕೆಂಡು:
'ನಾರು ತೆಗೆದು ಇಟ್ಕೊಂಡಿದೀನಿ.'

ಎಣ್ಣೆ ಕಾಯಿತು. ಸಾಸಿವೆ ಸಿಡಿಯಿತು.
ಸರಿಯಾಗಿ ಆಗಲೇ ಅಡ್ಡ ಬಂತು ಜಾಹೀರಾತು,
ಯಾವನೋ ಹುಡುಗ ಸೈಟು ಮಾರುತ್ತಿದ್ದಾನೆ,
ಏರ್‌ಪೋರ್ಟಿಗೆ ಇಪ್ಪತ್ತೇ ನಿಮಿಷವಂತೆ,
ಬಸ್ಸಲ್ಲಿ ಕೂತು ನೋಡಲಿ ಒಂದು ಸಲ.
ಒದ್ದೆ ಬೆರಳಿಗೆ ಗಾಜು ಮಣಿಯದು,
ಉದ್ದಿನಬೇಳೆ ಕೆಂಪಾಗಿ, ಕಂದಾಗಿ, ಕರ್ರಗಾಗುತ್ತಿದೆ,
'ಓಲ್ಡಾನ್! ಓಲ್ಡಾನ್!'
ಕಿರುಚಿದೆ ಫೋನಿಗೆ.
ಹಾಲಿನಿಂದ ನಗು ಬಂತು,
ಬಿದ್ದ ದಿನದಿಂದ ಮೊದಲನೇದು.

ಎರಡನೇ ಟ್ರಿಪ್ಪು. ಬಾಣಲೆ ತಿಕ್ಕಿ, ಮತ್ತೆ ಎಣ್ಣೆ,
ಮತ್ತೆ ಸಾಸಿವೆ, ಈ ಸಲ ಉರಿ ಸಣ್ಣಗೆ,
ಕಾಯಿ ಬಿತ್ತು, ಅರಿಶಿನ ಬಿತ್ತು.
'ಈಗ ರುಚಿಗೆ ತಕ್ಕಷ್ಟು ಉಪ್ಪು.'

ತಕ್ಕಷ್ಟು ಅಂದರೆ ಎಷ್ಟಮ್ಮ?
ಹಿಂದಕ್ಕೆ ಎಳೆದು ಮತ್ತೆ ಕೇಳಿದೆ. ಮತ್ತೆ ಅದೇ.
ಫುಲ್ಲಿಗೆ ಇಷ್ಟು, ಆಫಿಗೆ ಇಷ್ಟು,
ಕೋಳಿ ಬುಟ್ಟಿಗೆ ಇಷ್ಟು ಲಗೇಜು ಅಂತ
ಕಾಸು ಕಾಸಿಗೂ ಲೆಕ್ಕ ಬರೆದ ಕೈ ಇದು;
ತಕ್ಕಷ್ಟು ಅನ್ನುವ ಊರಿಗೆ
ಒಂದು ದಿನವೂ ಟಿಕೆಟ್ ಹರಿದವನಲ್ಲ.

ಅಲ್ಲ, ರುಚಿ ಅಂದರೂ ಯಾರದು?
ಡಿಪೋದ ಬೇವಿನಡಿ ಕ್ಯಾರಿಯರ್ ಬಿಚ್ಚಿದಾಗೆಲ್ಲ
ಡ್ರೈವರ್ ಬಾಬಾಜಾನ್ ಮುಂದೆ ನನ್ನದು ಒಂದೇ ಮಾತು:
'ನಮ್ಮವಳಿಗೆ ಉಪ್ಪಿನ ಅಂದಾಜೇ ಇಲ್ಲ ಕಣಯ್ಯ, ಸಪ್ಪೆ.'

ಬಾಗಿಲಲ್ಲಿ ನಿಂತಿದ್ದಳು,
ನನ್ನ ಹಳೇ ಖಾಕಿ ಷರ್ಟು ಹರಿದು ಕಟ್ಟಿದ ಜೋಲಿಯಲ್ಲಿ
ಬಿಳೀ ಬ್ಯಾಂಡೇಜಿನ ಕೈ.
'ಎಷ್ಟು ಹಾಕಲಿ?'
ಎಡಗೈಯ ಮೂರು ಬೆರಳು ಕೂಡಿಸಿ ತೋರಿಸಿದಳು.
ಹಾಕಿದೆ. ಇನ್ನೊಂದು ಚಿಟಿಕೆ ಎತ್ತುವಷ್ಟರಲ್ಲಿ
'ಚಾಲು, ಚಾಲು,' ತವರಿನ ತೆಲುಗು ಬಂತು ಬಾಯಿಗೆ,
'ಬಿಪಿ ಅಂತ ಡಾಕ್ಟ್ರು ಅಂದರಲ್ಲ, ಅವತ್ತಿಂದ ಇಷ್ಟೇ.'

ಅವತ್ತಿಂದ ಅಂದರೆ ಹನ್ನೊಂದು ವರ್ಷ.
ಬಾಬಾಜಾನ್ ಈಗ ಬಾಗೇಪಲ್ಲಿಯಲ್ಲಿದ್ದಾನೆ,
ಫೋನು ಮಾಡಿ ಹೇಳಬೇಕು.

ಬಳೆಯವಳು ಕಾಯಿತುರಿ ಉದುರಿಸಿ ಬೈ ಬೈ ಅಂದಳು.
ನಮ್ಮವಳು ಮೇಲಿನ ಗೂಡಿನತ್ತ ಗದ್ದ ಎತ್ತಿದಳು:
ಹುಚ್ಚೆಳ್ಳು ಪುಡಿ.
ಹಸಿರೆಲ್ಲ ಮಣ್ಣು ಬಣ್ಣವಾಯಿತು, ಫೋಟೋಗೆ ಬಾರದು,
ಆದರೆ ಮನೆಗೆ ಮನೆಯ ವಾಸನೆ ಬಂತು.

ಮುದ್ದೆ ತೊಳಸಲು ಬಾರದು, ಅನ್ನವೇ ಗತಿ.
ಎಡಗೈಲಿ ಚಮಚ ಹಿಡಿದು ಉಂಡಳು.
ಚೆನ್ನಾಗಿದೆ ಅನ್ನಲಿಲ್ಲ.
ಬಾಯಿಂದ ಒಂದು ನಾರು ಎಳೆದು ತಟ್ಟೆಯ ಅಂಚಿಗಿಟ್ಟಳು,
ಆಮೇಲೆ ಇನ್ನೊಂದು, ಅದರ ಪಕ್ಕಕ್ಕೆ,
ಮುರುಗಮಲ್ಲ ಕ್ರಾಸಿನಲ್ಲಿ ಹತ್ತುವ ಚೆಕಿಂಗಿನವರ ಹಾಗೆ
ಮುಖದಲ್ಲಿ ಏನೂ ತೋರಿಸದೆ.

'ಏಳು ಜನ,' ಅಂದಳು ಕೊನೆಗೆ, 'ಟಿಕೆಟ್ಟಿಲ್ಲದೆ.'

ಫೋನು ತನ್ನಷ್ಟಕ್ಕೆ ಮುಂದಿನದಕ್ಕೆ ಹೊರಟಿತ್ತು, ಬದನೆಕಾಯಿ.
ತಟ್ಟೆ ಇನ್ನೊಂದು ಸಲ ಮುಂದಕ್ಕೆ ಬಂತು.